ಮೊದಲ ಬೋರ್ಡಿನ ಚರಿತ್ರೆ

ಜೇವರ್ಗಿ ತಾಲ್ಲೂಕಿನ ಇಜೇರಿಯಂಥ ಊರಿನಿಂದ ಕಲಬುರಗಿಗೆ ಇಂಜಿನಿಯರಿಂಗ್ ಅಥವಾ ಡಿಪ್ಲೊಮಾ ಓದಲು ಹೋದ ಮಕ್ಕಳಿಗೆ ಎರಡನೇ ವರ್ಷದ ಹೊತ್ತಿಗೆ ಒಂದು ಪ್ರಶ್ನೆ ಎದುರಾಗುತ್ತದೆ: ಎಂಬೆಡೆಡ್ ಪ್ರೋಗ್ರಾಮಿಂಗ್ ಕಲಿಯಲು ಮೊದಲು ಯಾವ ಬೋರ್ಡು ಕೊಳ್ಳಬೇಕು? ಆರ್ಡುಯಿನೊ, ಇಎಸ್‌ಪಿ32, ಪೈ ಪಿಕೊ, ಮೈಕ್ರೋಬಿಟ್ ಎಂದು ಹೆಸರುಗಳ ಸಂತೆಯೇ ಇದೆ. ಮನೆಯಿಂದ ಬರುವ ದುಡ್ಡು ತೊಗರಿಯ ದರ ನೋಡಿಕೊಂಡು ಬರುವಂಥದ್ದು. ಹಾಗಾಗಿ ಒಮ್ಮೆ ಕೊಂಡದ್ದು ಕೆಲಸಕ್ಕೆ ಬರಬೇಕು. ಇದು ಅಂಗಡಿಯಲ್ಲಿ ಬಗೆಹರಿಯುವ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಈ ಬೋರ್ಡುಗಳು ಯಾರಿಗಾಗಿ, ಯಾಕೆ ಹುಟ್ಟಿದವು ಎಂದು ತಿಳಿದರೆ ಉತ್ತರ ಸುಲಭವಾಗುತ್ತದೆ.

ಎಂಬೆಡೆಡ್ ಎಂದರೆ ಬೇರೊಂದು ಯಂತ್ರದ ಹೊಟ್ಟೆಯಲ್ಲಿ ಅಡಗಿ ಕುಳಿತ ಕಂಪ್ಯೂಟರ್. ಮೇಜಿನ ಮೇಲಿನ ಕಂಪ್ಯೂಟರನ್ನು ಕಾಣುವುದಕ್ಕೂ ಮೊದಲೇ ನಮ್ಮ ಹಳ್ಳಿಗಳು ಇದನ್ನು ಬಳಸಿವೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ 128 ಪೋರ್ಟುಗಳ ಚಿಕ್ಕ ಟೆಲಿಫೋನ್ ಎಕ್ಸ್‌ಚೇಂಜನ್ನು ರೂಪಿಸಿತು. ಅದು ಮೈಕ್ರೋಪ್ರೊಸೆಸರ್ ಆಧಾರಿತ ಯಂತ್ರ. ಏರ್ ಕಂಡೀಷನರ್ ಇಲ್ಲದೆ, ನಮ್ಮ ಬಿಸಿಲು ಮತ್ತು ಧೂಳನ್ನು ತಾಳಿಕೊಂಡು ನಡೆಯಬೇಕೆಂಬುದೇ ಅದರ ವಿನ್ಯಾಸದ ಮುಖ್ಯ ಷರತ್ತು. ಅಂಥ ಮೊದಲ ಎಕ್ಸ್‌ಚೇಂಜ್ 1986ರಲ್ಲಿ ನಮ್ಮದೇ ಕಿತ್ತೂರಿನಲ್ಲಿ ಶುರುವಾಯಿತು. ಆಮೇಲೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದವು. ಕೆಂಪು ಅಂಕಿಗಳಲ್ಲಿ ದುಡ್ಡು ಏರುತ್ತ ಹೋಗುತ್ತಿದ್ದ ಆ ಬಿಲ್ಲಿಂಗ್ ಯಂತ್ರ ಎಷ್ಟೋ ಜನರ ಕಣ್ಣಿಗೆ ಇನ್ನೂ ಕಟ್ಟಿದಂತಿದೆ. 2004ರ ಲೋಕಸಭಾ ಚುನಾವಣೆಯ ಹೊತ್ತಿಗೆ ಇಡೀ ದೇಶ ಮತಯಂತ್ರದ ಗುಂಡಿ ಒತ್ತಿತು. ಆ ಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್.

ಇವೆಲ್ಲವೂ ಮುಚ್ಚಿದ ಪೆಟ್ಟಿಗೆಗಳು. ಬಳಸುವವರಿಗೆ ಗುಂಡಿ ಮತ್ತು ಅಂಕಿ ಮಾತ್ರ ಕಾಣುತ್ತಿದ್ದವು, ಒಳಗಿನ ಪ್ರೋಗ್ರಾಮು ಬೇರೆ ಯಾರೋ ಬರೆದದ್ದು. ಆ ‘ಯಾರೋ’ ಆಗಲು ಬೇಕಾದ ಮೊದಲ ಸಾಧನವೇ ಡೆವಲಪ್‌ಮೆಂಟ್ ಬೋರ್ಡು.

ವಿಚಿತ್ರವೆಂದರೆ ಈ ಬೋರ್ಡು ಮೊದಲು ವಿದ್ಯಾರ್ಥಿಗಳಿಗಾಗಿ ಹುಟ್ಟಿದ್ದಲ್ಲ. 1976ರಲ್ಲಿ ಅಮೆರಿಕದ ಮಾಸ್ ಟೆಕ್ನಾಲಜಿ ಕಂಪನಿ ಕಿಮ್-1 ಎಂಬ ಬೋರ್ಡನ್ನು 245 ಡಾಲರಿಗೆ ಮಾರಿತು. ತನ್ನ 6502 ಚಿಪ್ಪನ್ನು ಇಂಜಿನಿಯರುಗಳು ಪರೀಕ್ಷಿಸಿ, ಮೆಚ್ಚಿ, ಸಾವಿರಗಟ್ಟಲೆ ಕೊಳ್ಳಲಿ ಎಂಬುದು ಕಂಪನಿಯ ಲೆಕ್ಕ. ಸೀರೆ ಅಂಗಡಿಯವನು ಒಂದು ಸೀರೆ ಬಿಚ್ಚಿ ತೋರಿಸಿದ ಹಾಗೆ. ಇಂಟೆಲ್ ಕೂಡ 8085 ಚಿಪ್ಪಿಗಾಗಿ ಇಂಥದ್ದೇ ಎಸ್‌ಡಿಕೆ-85 ಕಿಟ್ ತಂದಿತು.

ಆ ಮಾದರಿಯ ಕಿಟ್ ನಮ್ಮ ಪ್ರಯೋಗಾಲಯಗಳಿಗೂ ಬಂತು. ಬೆಂಗಳೂರಿನ ಎಲೆಕ್ಟ್ರೋ ಸಿಸ್ಟಮ್ಸ್ ಅಸೋಸಿಯೇಟ್ಸ್ ತಯಾರಿಸುತ್ತಿದ್ದ ಇಎಸ್‌ಎ ಕಿಟ್ಟುಗಳ ಮೇಲೆ 8085, 8086, 8051 ಕಲಿತವರು ದೇಶದ ತುಂಬ ಇದ್ದಾರೆ. ಕಿಟ್ಟಿನ ಮೇಲೆ ಹೆಕ್ಸಾಡೆಸಿಮಲ್ ಕೀಲಿಗಳು, ಮೇಲ್ಗಡೆ ಕೆಂಪು ಅಂಕಿಗಳ ಸಾಲು. ಐದಕ್ಕೆ ಮೂರು ಕೂಡಿಸಬೇಕಾದರೆ ವಿದ್ಯಾರ್ಥಿ ಮೊದಲು ಅಸೆಂಬ್ಲಿ ಭಾಷೆಯಲ್ಲಿ ನೋಟ್‌ಬುಕ್ಕಿನಲ್ಲಿ ಬರೆದು, ಪ್ರತಿ ಸಾಲಿನ ಸಂಕೇತವನ್ನು ಕೋಷ್ಟಕದಲ್ಲಿ ಹುಡುಕಿ, 3ಇ, 05, 06, 03, 80, 76 ಎಂದು ಒಂದೊಂದೇ ಬೈಟನ್ನು ಒತ್ತಬೇಕು. ಒಂದು ಅಂಕಿ ತಪ್ಪಿದರೂ ಉತ್ತರ ತಪ್ಪು. ಕರೆಂಟು ಹೋದರೆ ರ್‍ಯಾಮ್ ಖಾಲಿಯಾಗುತ್ತಿತ್ತು, ಮತ್ತೆ ಮೊದಲಿನಿಂದ ಒತ್ತಬೇಕು.

ಆ ಕಿಟ್ಟುಗಳನ್ನು ಇಂದು ನಗೆಯಾಡುವುದು ಸುಲಭ. ಆದರೆ ವಿಳಾಸ ಎಂದರೇನು, ರಿಜಿಸ್ಟರ್ ಎಂದರೇನು, ಪ್ರೊಸೆಸರ್ ಒಂದು ಬೈಟನ್ನು ತಂದು ಏನು ಮಾಡುತ್ತದೆ ಎಂಬುದನ್ನು ಅವು ಬೆರಳಿಗೇ ಕಲಿಸುತ್ತಿದ್ದವು. ಅವುಗಳ ಕೊರತೆ ಬೇರೆ ಕಡೆ ಇತ್ತು. ಕಿಟ್ಟು ಕಾಲೇಜಿನದು. ವಾರಕ್ಕೊಂದು ಪ್ರಯೋಗಾಲಯದ ಅವಧಿ, ಒಂದು ಕಿಟ್ಟಿನ ಸುತ್ತ ಮೂರು ನಾಲ್ಕು ತಲೆ. ಧೈರ್ಯವಿದ್ದವರು ಕೀಲಿ ಒತ್ತುತ್ತಿದ್ದರು, ಉಳಿದವರು ರೆಕಾರ್ಡ್ ಪುಸ್ತಕ ತುಂಬುತ್ತಿದ್ದರು. ಅವಧಿ ಮುಗಿದರೆ ಕಿಟ್ಟು ಬೀರುವಿಗೆ, ವಿದ್ಯಾರ್ಥಿ ಹಾಸ್ಟೆಲಿಗೆ. ಕೆಡಿಸಿ ಕಲಿಯುವ ಅವಕಾಶ ಯಾರಿಗೂ ಇರಲಿಲ್ಲ.

1980ರಲ್ಲಿ ಇಂಟೆಲ್ ತಂದ 8051 ಈ ಕಥೆಯಲ್ಲಿ ದೊಡ್ಡ ಹೆಜ್ಜೆ. ಪ್ರೊಸೆಸರ್, 4 ಕಿಲೋಬೈಟ್ ರಾಮ್, 128 ಬೈಟ್ ರ್‍ಯಾಮ್, ಟೈಮರ್, ಪೋರ್ಟುಗಳು ಎಲ್ಲವೂ ಒಂದೇ ಚಿಪ್ಪಿನೊಳಗೆ ಬಂದವು. ಇಷ್ಟು ವರ್ಷಗಳ ಮೇಲೂ ಅದು ನಮ್ಮ ಪಠ್ಯ ಬಿಟ್ಟಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆ 8051, ಕಂಪ್ಯೂಟರ್ ಸೈನ್ಸ್‌ನವರಿಗೆ ಆರ್ಮ್ ಪ್ರೊಸೆಸರ್ ಇತ್ತು. ಪರೀಕ್ಷೆಗೆ ಓದುವ ಚಿಪ್ಪೂ ಅಂಗಡಿಯಲ್ಲಿ ಸಿಗುವ ಬೋರ್ಡೂ ಬೇರೆ ಬೇರೆಯಾಗಿ ವಿದ್ಯಾರ್ಥಿ ಗೊಂದಲಕ್ಕೆ ಬೀಳುವುದು ಇಲ್ಲಿಯೇ.

ಬೋರ್ಡು ಪ್ರಯೋಗಾಲಯದ ಬೀರುವಿನಿಂದ ವಿದ್ಯಾರ್ಥಿಯ ಚೀಲಕ್ಕೆ ಬಂದದ್ದು ಇಟಲಿಯ ಇವ್ರಿಯಾ ಎಂಬ ಸಣ್ಣ ಪಟ್ಟಣದಿಂದ. ಒಲಿವೆಟ್ಟಿ ಟೈಪ್‌ರೈಟರ್ ಹುಟ್ಟಿದ ಊರದು. ಅಲ್ಲಿನ ವಿನ್ಯಾಸ ಶಾಲೆಯ ವಿದ್ಯಾರ್ಥಿಗಳಿಗೆ ಆಗಿನ ಬೋರ್ಡುಗಳು ದುಬಾರಿಯಾಗಿದ್ದವು. 2003ರಲ್ಲಿ ಕೊಲಂಬಿಯಾದಿಂದ ಓದಲು ಬಂದಿದ್ದ ಎರ್ನಾಂಡೊ ಬರಗಾನ್ ತನ್ನ ಸ್ನಾತಕೋತ್ತರ ಪ್ರಬಂಧಕ್ಕಾಗಿ ‘ವೈರಿಂಗ್’ ಎಂಬ ಬೋರ್ಡನ್ನೂ ಅದಕ್ಕೆ ಸರಳ ಪ್ರೋಗ್ರಾಮಿಂಗ್ ವ್ಯವಸ್ಥೆಯನ್ನೂ ಕಟ್ಟಿದ. ಅದರ ಮೇಲೆಯೇ ಮಾಸ್ಸಿಮೊ ಬಾಂಝಿ ಮತ್ತು ಸಂಗಡಿಗರು 2005ರಲ್ಲಿ ಆರ್ಡುಯಿನೊ ರೂಪಿಸಿದರು. ಬಾಂಝಿ ಹೋಗುತ್ತಿದ್ದ ಬಾರಿನ ಹೆಸರೇ ಬೋರ್ಡಿಗೆ ಬಂತು. ಆ ಬಾರಿಗೆ ಸಾವಿರ ವರ್ಷದ ಹಿಂದಿನ ರಾಜ ಆರ್ಡುಯಿನೊನ ಹೆಸರು. ಬೋರ್ಡು ಲೋಕಪ್ರಸಿದ್ಧವಾಯಿತು, ಬುನಾದಿ ಹಾಕಿದ ವಿದ್ಯಾರ್ಥಿಯ ಹೆಸರು ಬಹುಕಾಲ ಹಿಂದೆಯೇ ಉಳಿಯಿತು.

ಅದೇ ಹೊತ್ತಿಗೆ ಆ ಶಾಲೆ ಮುಚ್ಚುವ ಸ್ಥಿತಿಗೆ ಬಂದಿತ್ತು. ಶಾಲೆಯೊಡನೆ ಕೆಲಸವೂ ಕಳೆದುಹೋಗಬಾರದೆಂದು ತಂಡದವರು ಬೋರ್ಡಿನ ನಕ್ಷೆಯನ್ನೂ ಪ್ರೋಗ್ರಾಮನ್ನೂ ಎಲ್ಲರಿಗೂ ತೆರೆದಿಟ್ಟರು. ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಕೆಲವೇ ನೂರು ರೂಪಾಯಿಗೆ ಊನೊ ಮಾದರಿಯ ಬೋರ್ಡು ಸಿಗುತ್ತಿರುವುದು ಆ ನಿರ್ಧಾರದ ಫಲ. ನಕ್ಷೆ ತೆರೆದಿದ್ದರಿಂದ ಯಾರು ಬೇಕಾದರೂ ತಯಾರಿಸಬಹುದು. ಚಿಪ್ಪು ಮಾರಲು ಹುಟ್ಟಿದ ವಸ್ತು ಹೀಗೆ ಕಲಿಯುವವರ ವಸ್ತುವಾಯಿತು.

ಉಳಿದವು ಬೇಗಬೇಗ ಬಂದವು. 2016ರಲ್ಲಿ ಬಿಬಿಸಿ ಬ್ರಿಟನ್ನಿನ ಸುಮಾರು 10 ಲಕ್ಷ ಶಾಲಾ ಮಕ್ಕಳಿಗೆ ಮೈಕ್ರೋಬಿಟ್ ಹಂಚಿತು. ಅದೇ ವರ್ಷ ಶಾಂಘೈನ ಎಸ್‌ಪ್ರೆಸಿಫ್ ಕಂಪನಿ ವೈ-ಫೈ, ಬ್ಲೂಟೂತ್ ಎರಡೂ ಇರುವ ಇಎಸ್‌ಪಿ32 ತಂದಿತು. 2021ರಲ್ಲಿ ರಾಸ್ಪ್‌ಬೆರಿ ಪೈ ಸಂಸ್ಥೆ 4 ಡಾಲರಿಗೆ ಪಿಕೊ ಕೊಟ್ಟಿತು. ಅದರಲ್ಲಿ 264 ಕಿಲೋಬೈಟ್ ರ್‍ಯಾಮ್. 2010ರ ಊನೊದಲ್ಲಿ ಇರುವುದು 2 ಕಿಲೋಬೈಟ್.

ಹಾಗಾದರೆ ಮೊದಲು ಯಾವುದು? ಅಂಕಿ ನೋಡಿದರೆ ಊನೊ ಎಲ್ಲಕ್ಕಿಂತ ಬಡವ. ಆದರೂ ಮೊದಲ ಬೋರ್ಡಾಗಿ ಊನೊ ಅಥವಾ ಅದರ ಅಗ್ಗದ ಪ್ರತಿಯನ್ನೇ ನಾನು ಹೇಳುತ್ತೇನೆ. ಅದು 5 ವೋಲ್ಟಿನದು, ಹೊಸಬರ ಕೈತಪ್ಪನ್ನು ಸಾಕಷ್ಟು ತಾಳುತ್ತದೆ. ಪಿಕೊ, ಇಎಸ್‌ಪಿ32 ಎರಡೂ 3.3 ವೋಲ್ಟಿನವು, ಅವುಗಳ ಪಿನ್ನಿಗೆ 5 ವೋಲ್ಟ್ ತಾಗಿದರೆ ಕೆಡಬಹುದು. ಕಾಲಿರುವ ದೊಡ್ಡ ಚಿಪ್ಪನ್ನು ಸಾಕೆಟ್ಟಿನಲ್ಲಿ ಕೂರಿಸಿದ ಊನೊ ಸಿಕ್ಕರೆ ಅದನ್ನೇ ಆರಿಸಿ. ಸುಟ್ಟರೆ ಚಿಪ್ಪನ್ನಷ್ಟೇ ಬದಲಿಸಿದರಾಯಿತು, ಹೊಸ ಚಿಪ್ಪಿನಲ್ಲಿ ಬೂಟ್‌ಲೋಡರ್ ಇರಬೇಕು ಅಷ್ಟೆ. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಎಟಿಮೆಗಾ328ಪಿ ಚಿಪ್ಪು ಒಬ್ಬ ವಿದ್ಯಾರ್ಥಿ ಒಂದು ಸೆಮಿಸ್ಟರಿನಲ್ಲಿ ಪೂರ್ತಿ ಅರ್ಥ ಮಾಡಿಕೊಳ್ಳಬಹುದಾದಷ್ಟು ಸಣ್ಣದು.

ಒಂದು ಎಚ್ಚರಿಕೆ. ‘ಡಿಜಿಟಲ್‌ರೈಟ್’ ಎಂಬ ಸಿದ್ಧ ಆಜ್ಞೆಯಲ್ಲೇ ನಿಂತುಬಿಟ್ಟರೆ ಪೆಟ್ಟಿಗೆ ಮುಚ್ಚಿಯೇ ಉಳಿಯುತ್ತದೆ. ಎಲ್‌ಇಡಿ ಮಿನುಗಿದ ಮರುವಾರ ಅದೇ ಕೆಲಸವನ್ನು ಪೋರ್ಟ್ ರಿಜಿಸ್ಟರಿಗೆ ನೇರವಾಗಿ ಬಿಟ್ ಬರೆದು ಮಾಡಿ ನೋಡಬೇಕು. ಹಳೆಯ ಕಿಟ್ಟು ಕಲಿಸಿದ್ದು ಹೀಗೆ ಹೊಸ ಬೋರ್ಡಿನಲ್ಲೂ ದಕ್ಕುತ್ತದೆ, ಪರೀಕ್ಷೆಯ 8051 ಕೂಡ ಆಗ ಅಪರಿಚಿತವಾಗಿ ಕಾಣುವುದಿಲ್ಲ. ಬೋರ್ಡಿಗೆ ಇಂಟರ್‌ನೆಟ್ ಬೇಕಾದಾಗ ಇಎಸ್‌ಪಿ32, ಪೈಥಾನ್ ಬೇಕಾದಾಗ ಪಿಕೊ, ಆರ್ಮ್ ಆಳವಾಗಿ ಬೇಕಾದಾಗ ಎಸ್‌ಟಿಎಂ32ರ ನ್ಯೂಕ್ಲಿಯೊ ಕೊಳ್ಳಬಹುದು.

ಭೀಮಾ ತೀರದ ಹೊಲಗಳಲ್ಲಿ ಇಂದು ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಂಡ ರೈತರಿದ್ದಾರೆ. ರಾತ್ರಿ ತ್ರೀಫೇಸ್ ಬಂದಾಗ ಮನೆಯಿಂದಲೇ ಫೋನು ಮಾಡಿ ಪಂಪು ಹಚ್ಚುತ್ತಾರೆ. ಅದು ಕೆಟ್ಟರೆ ರಿಪೇರಿಗೆ ಪಟ್ಟಣಕ್ಕೇ ಒಯ್ಯಬೇಕು. ಅದರೊಳಗಿರುವುದೂ ಇಂಥದ್ದೇ ಒಂದು ಚಿಪ್ಪು. ಅದನ್ನು ಊರಲ್ಲೇ ಬಿಚ್ಚಿ, ಎಲ್ಲಿ ಕೆಟ್ಟಿದೆ ಎಂದು ಹೇಳಬಲ್ಲ ಒಬ್ಬ ಹುಡುಗಿ ಅಥವಾ ಹುಡುಗ ಇಜೇರಿಯಲ್ಲಿ ಇರಬೇಕಾದರೆ, ಕೆಡಿಸಲು ಹೆದರಬೇಕಿಲ್ಲದ ಒಂದು ಬೋರ್ಡು ಅವರ ಸ್ವಂತದ್ದಾಗಿರಬೇಕು.