ಪ್ರಾರಂಭಿಕ ಬೀಜಗಣಿತ (ಪದವಿಪೂರ್ವ ಹಂತ)

ಪದವಿಪೂರ್ವ ಹಂತದ ಪ್ರಾರಂಭಿಕ ಬೀಜಗಣಿತವೆಂದರೆ, ಕರ್ನಾಟಕದಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ ಕಾಲೇಜು ಸೇರುವ ವಿದ್ಯಾರ್ಥಿಯು ಮುಂದಿನ ಗಣಿತಾಭ್ಯಾಸಕ್ಕೆ ಬುನಾದಿಯಾಗಿ ಕರಗತ ಮಾಡಿಕೊಂಡಿರಬೇಕಾದ ಬೀಜಗಣಿತದ ಭಾಗ. ಋಣಸಂಖ್ಯೆ ಮತ್ತು ಭಿನ್ನರಾಶಿಗಳ ಲೆಕ್ಕ, ಘಾತಾಂಕಗಳು, ಬಹುಪದೋಕ್ತಿಗಳು, ಅಪವರ್ತನ, ರೇಖಾತ್ಮಕ ಸಮೀಕರಣಗಳು, ವರ್ಗಸಮೀಕರಣಗಳು ಹಾಗೂ ಸಮಾಂತರ ಶ್ರೇಢಿಗಳು ಇದರ ಮುಖ್ಯ ವಿಷಯಗಳು. ಇವುಗಳಲ್ಲಿ ಹೆಚ್ಚಿನವನ್ನು ಪ್ರಥಮ ಪಿಯುಸಿಯಲ್ಲಿ ಮತ್ತೆ ಮೊದಲಿನಿಂದ ಕಲಿಸುವುದಿಲ್ಲ. ವಿದ್ಯಾರ್ಥಿಗೆ ತಿಳಿದಿದೆಯೆಂದು ಭಾವಿಸಿಯೇ ಪಾಠವು ಮುಂದುವರಿಯುತ್ತದೆ. ಆದ್ದರಿಂದ ಪಠ್ಯದಲ್ಲಿ ಎದ್ದು ಕಾಣದಿದ್ದರೂ ಪ್ರತಿಯೊಂದು ಅಧ್ಯಾಯವೂ ಇದನ್ನು ಅವಲಂಬಿಸಿರುತ್ತದೆ.

ಪಠ್ಯಪುಸ್ತಕಗಳು ಚರಾಕ್ಷರಗಳಿಗೆ ಎಕ್ಸ್, ವೈ ಮೊದಲಾದ ರೋಮನ್ ಅಕ್ಷರಗಳನ್ನು ಬಳಸುತ್ತವೆ. ಈ ಲೇಖನದಲ್ಲಿ ಅವುಗಳ ಬದಲು ಯ, ರ ಎಂಬ ಕನ್ನಡ ಅಕ್ಷರಗಳನ್ನು ಬಳಸಲಾಗಿದೆ.

ಹೆಸರು ಮತ್ತು ಹಿನ್ನೆಲೆ

ಭಾರತೀಯ ಗಣಿತಜ್ಞರು ತಿಳಿದ ಸಂಖ್ಯೆಗಳ ಲೆಕ್ಕವನ್ನು ವ್ಯಕ್ತಗಣಿತವೆಂದೂ, ತಿಳಿಯದ ರಾಶಿಗಳ ಲೆಕ್ಕವನ್ನು ಅವ್ಯಕ್ತಗಣಿತ ಅಥವಾ ಬೀಜಗಣಿತವೆಂದೂ ಕರೆದರು. ಬ್ರಹ್ಮಗುಪ್ತನು 628ರಲ್ಲಿ ರಚಿಸಿದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಸೊನ್ನೆ, ಧನ ಮತ್ತು ಋಣಸಂಖ್ಯೆಗಳ ನಿಯಮಗಳಿವೆ. ಋಣವನ್ನು ಋಣದಿಂದ ಗುಣಿಸಿದರೆ ಧನ ಬರುತ್ತದೆಂದು ಶಾಲೆಯಲ್ಲಿ ಕಲಿಸುವ ನಿಯಮವೂ ಅವುಗಳಲ್ಲೊಂದು.

ಕನ್ನಡ ನಾಡಿಗೆ ಈ ಪರಂಪರೆಯಲ್ಲಿ ಗಣ್ಯ ಸ್ಥಾನವಿದೆ. ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯನು ಸುಮಾರು 850ರಲ್ಲಿ ಗಣಿತಸಾರಸಂಗ್ರಹವನ್ನು ಸಂಸ್ಕೃತದಲ್ಲಿ ರಚಿಸಿದನು. ಇಂದಿನ ಹಾವೇರಿ ಜಿಲ್ಲೆಯ ಬಂಕಾಪುರವು ಇದೇ ಅಮೋಘವರ್ಷನ ದಂಡನಾಯಕ ಬಂಕೇಶನ ಹೆಸರನ್ನು ಹೊತ್ತಿದೆ. ಋಣಸಂಖ್ಯೆಯು ಯಾವುದರ ವರ್ಗವೂ ಅಲ್ಲದ ಕಾರಣ ಅದಕ್ಕೆ ವರ್ಗಮೂಲವಿಲ್ಲವೆಂದು ಮಹಾವೀರಾಚಾರ್ಯನು ಸ್ಪಷ್ಟವಾಗಿ ಹೇಳಿದ್ದಾನೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಕೃತಿಗಳನ್ನು ಕನ್ನಡದಲ್ಲಿಯೇ ಬರೆದನು.

1114ರಲ್ಲಿ ಜನಿಸಿದ ಎರಡನೆಯ ಭಾಸ್ಕರಾಚಾರ್ಯನ ಬೀಜಗಣಿತ ಎಂಬ ಗ್ರಂಥದಲ್ಲಿ ಅವ್ಯಕ್ತ ರಾಶಿಗಳನ್ನು ‘ಯಾವತ್ತಾವತ್’, ‘ಕಾಲಕ’, ‘ನೀಲಕ’ ಮೊದಲಾದ ಪದಗಳ ಮೊದಲ ಅಕ್ಷರಗಳಾದ ಯಾ, ಕಾ, ನೀ ಎಂಬವುಗಳಿಂದ ಸೂಚಿಸಲಾಗಿದೆ. ತಿಳಿಯದ ಸಂಖ್ಯೆಯ ಜಾಗದಲ್ಲಿ ಅಕ್ಷರವೊಂದನ್ನಿಟ್ಟು ಲೆಕ್ಕ ಮಾಡುವ ಪದ್ಧತಿ ಹೀಗೆ ಈ ನೆಲಕ್ಕೆ ಹೊಸತಲ್ಲ.

ಪಠ್ಯಕ್ರಮದಲ್ಲಿ ಸ್ಥಾನ

ಕರ್ನಾಟಕದಲ್ಲಿ ಎಸ್‌ಎಸ್‌ಎಲ್‌ಸಿಯ ನಂತರದ ಎರಡು ವರ್ಷಗಳ ಶಿಕ್ಷಣವು ಪದವಿಪೂರ್ವ ಕಾಲೇಜುಗಳಲ್ಲಿ ನಡೆಯುತ್ತದೆ. ಹತ್ತನೆಯ ತರಗತಿಯ ಗಣಿತದಲ್ಲಿ ಬಹುಪದೋಕ್ತಿಗಳು, ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಜೋಡಿಗಳು, ವರ್ಗಸಮೀಕರಣಗಳು ಮತ್ತು ಸಮಾಂತರ ಶ್ರೇಢಿಗಳು ಬೀಜಗಣಿತದ ಭಾಗಗಳಾಗಿವೆ.

ವಿಜ್ಞಾನ ವಿಭಾಗದ ಪ್ರಥಮ ಪಿಯುಸಿ ಗಣಿತವು ಗಣಗಳು, ಸಂಬಂಧಗಳು ಮತ್ತು ಉತ್ಪನ್ನಗಳು, ತ್ರಿಕೋನಮಿತಿ, ಸಮ್ಮಿಶ್ರ ಸಂಖ್ಯೆಗಳು, ರೇಖಾತ್ಮಕ ಅಸಮತೆಗಳು, ದ್ವಿಪದ ಪ್ರಮೇಯ, ಶ್ರೇಣಿಗಳು, ಮಿತಿ ಮತ್ತು ಅವಕಲನ ಮೊದಲಾದವುಗಳನ್ನು ಒಳಗೊಂಡಿದೆ. ವಾಣಿಜ್ಯ ವಿಭಾಗದವರು ಆಯ್ದುಕೊಳ್ಳಬಹುದಾದ ಮೂಲ ಗಣಿತದಲ್ಲಿ ಘಾತಾಂಕಗಳು, ಲಾಗರಿದಮ್, ಶ್ರೇಢಿಗಳು, ಸಮೀಕರಣಗಳು ಹಾಗೂ ಬಡ್ಡಿಯ ಲೆಕ್ಕಗಳಿವೆ. ಎರಡರಲ್ಲಿಯೂ ಪ್ರಾರಂಭಿಕ ಬೀಜಗಣಿತ ಅನಿವಾರ್ಯ. ಉದಾಹರಣೆಗೆ, ಮಿತಿಯ ಲೆಕ್ಕವೊಂದರಲ್ಲಿ ಹೊಸ ಕಲ್ಪನೆ ಒಂದೇ ಸಾಲಿನದಾಗಿದ್ದು, ಉಳಿದ ಸಾಲುಗಳೆಲ್ಲ ಅಪವರ್ತನ ಮತ್ತು ಸುಲಭೀಕರಣಗಳೇ ಆಗಿರುವುದುಂಟು. ಹೊಸದು ಅರ್ಥವಾಗಲಿಲ್ಲವೆಂದು ತೋರುವ ಅನೇಕ ಸಂದರ್ಭಗಳಲ್ಲಿ ಎಡವಿರುವುದು ಹಳೆಯದರಲ್ಲಿ.

ಕಲಾ ವಿಭಾಗದವರಿಗೂ ಅರ್ಥಶಾಸ್ತ್ರ ಹಾಗೂ ಸಂಖ್ಯಾಶಾಸ್ತ್ರಗಳಲ್ಲಿ ಸರಳ ಸಮೀಕರಣಗಳ ಪರಿಚಯ ಬೇಕಾಗುತ್ತದೆ. ಪಾಲಿಟೆಕ್ನಿಕ್ ಸೇರುವವರು ಮೊದಲ ವರ್ಷದಲ್ಲಿಯೇ ಇದನ್ನು ಬಳಸುತ್ತಾರೆ.

ವಿದ್ಯಾರ್ಥಿಗಳಿಂದ ನಿರೀಕ್ಷೆಗಳು

ಲೆಕ್ಕದ ಕೌಶಲ

ಧನ, ಋಣ ಚಿಹ್ನೆಗಳನ್ನು ತಪ್ಪಿಲ್ಲದೆ ನಿರ್ವಹಿಸುವುದು ಮೊದಲ ನಿರೀಕ್ಷೆ. ಆವರಣದ ಮುಂದೆ ಋಣಚಿಹ್ನೆಯಿದ್ದಾಗ ಒಳಗಿನ ಪ್ರತಿಯೊಂದು ಪದದ ಚಿಹ್ನೆಯೂ ಬದಲಾಗುತ್ತದೆ: −(ಯ − 4) ಎಂಬುದು −ಯ + 4. ಭಿನ್ನರಾಶಿಗಳಿರುವ ಸಮೀಕರಣದಲ್ಲಿ ಛೇದಗಳ ಲಘುತ್ತಮ ಸಾಮಾನ್ಯ ಅಪವರ್ತ್ಯದಿಂದ ಎರಡೂ ಬದಿಗಳನ್ನು ಗುಣಿಸಬೇಕು. ಯ/2 + ಯ/3 = 10 ಎಂಬುದನ್ನು 6ರಿಂದ ಗುಣಿಸಿದರೆ 3ಯ + 2ಯ = 60; ಆದ್ದರಿಂದ ಯ = 12.

ಘಾತಾಂಕಗಳ ನಿಯಮಗಳು ಬಾಯಿಪಾಠವಾಗಿದ್ದರಷ್ಟೇ ಸಾಲದು. ಅವು ಏಕೆ ಸರಿಯೆಂಬುದೂ ತಿಳಿದಿರಬೇಕು. 2³ ಎಂದರೆ ಮೂರು ಎರಡುಗಳ ಗುಣಲಬ್ಧ, 2⁴ ಎಂದರೆ ನಾಲ್ಕು ಎರಡುಗಳ ಗುಣಲಬ್ಧ. ಒಟ್ಟು ಏಳು ಎರಡುಗಳಿರುವುದರಿಂದ ಉತ್ತರ 2⁷. ಇದನ್ನು ಅರಿತವರು 4⁷ ಎಂದು ಬರೆಯುವ ಸಂಭವ ಕಡಿಮೆ.

ಅಪವರ್ತನ ಮತ್ತು ವರ್ಗಸಮೀಕರಣ

ಬಹುಪದೋಕ್ತಿಯನ್ನು ಗುಣಿಸಿ ವಿಸ್ತರಿಸುವುದು ಒಂದು ದಿಕ್ಕಿನ ಕೆಲಸ. ವಿಸ್ತರಿಸಿದ್ದನ್ನು ಮತ್ತೆ ಅಪವರ್ತನಗಳಾಗಿ ಬಿಡಿಸುವುದು ಅದರ ವಿರುದ್ಧ ದಿಕ್ಕಿನದು. ಎರಡೂ ಸರಾಗವಾಗಿ ಬರಬೇಕು. ವರ್ಗಸಮೀಕರಣವನ್ನು ಅಪವರ್ತನದಿಂದ, ವರ್ಗ ಪೂರ್ಣಗೊಳಿಸುವುದರಿಂದ ಅಥವಾ ಸೂತ್ರದಿಂದ ಬಿಡಿಸಬಹುದು.

ಉದಾಹರಣೆಗೆ, ಆಯತಾಕಾರದ ಕೈತೋಟವೊಂದರ ಉದ್ದವು ಅಗಲಕ್ಕಿಂತ 5 ಮೀಟರ್ ಹೆಚ್ಚಿದ್ದು, ವಿಸ್ತೀರ್ಣ 84 ಚದರ ಮೀಟರ್ ಆಗಿದ್ದರೆ, ಅಗಲವನ್ನು ಯ ಎಂದಿಟ್ಟುಕೊಂಡಾಗ ಯ² + 5ಯ − 84 = 0 ಎಂಬ ಸಮೀಕರಣ ಬರುತ್ತದೆ. ಇದು (ಯ + 12)(ಯ − 7) = 0 ಎಂದಾಗುವುದರಿಂದ ಮೂಲಗಳು −12 ಮತ್ತು 7. ಅಗಲ ಋಣವಾಗಿರಲಾರದು, ಆದ್ದರಿಂದ ಅಗಲ 7 ಮೀಟರ್, ಉದ್ದ 12 ಮೀಟರ್.

ಮೂಲಗಳಲ್ಲಿ ಯಾವುದು ಪ್ರಶ್ನೆಗೆ ಹೊಂದುತ್ತದೆಂದು ತೀರ್ಮಾನಿಸುವುದು ಸಹ ಬೀಜಗಣಿತದ ಅಂಗವೇ ಆಗಿದೆ. ಭಾಸ್ಕರಾಚಾರ್ಯನ ಕಪಿಗಳ ಲೆಕ್ಕ ಇದಕ್ಕೆ ಪ್ರಸಿದ್ಧ ನಿದರ್ಶನ. ಹಿಂಡಿನ ಐದನೆಯ ಒಂದು ಭಾಗದಲ್ಲಿ ಮೂರನ್ನು ಕಳೆದು ವರ್ಗ ಮಾಡಿದಷ್ಟು ಕಪಿಗಳು ಗುಹೆಯಲ್ಲಿವೆ, ಒಂದು ಮಾತ್ರ ಹೊರಗೆ ಕಾಣುತ್ತದೆ. ಹಿಂಡಿನಲ್ಲಿ ಎಷ್ಟು ಕಪಿಗಳು ಎಂಬುದು ಪ್ರಶ್ನೆ. ಸಮೀಕರಣವು 50 ಮತ್ತು 5 ಎಂಬ ಎರಡು ಉತ್ತರಗಳನ್ನು ಕೊಡುತ್ತದೆ. ಹಿಂಡಿನಲ್ಲಿ ಐದೇ ಕಪಿಗಳಿದ್ದರೆ ಅದರ ಐದನೆಯ ಒಂದು ಭಾಗದಿಂದ, ಅಂದರೆ ಒಂದರಿಂದ, ಮೂರನ್ನು ಕಳೆಯಬೇಕಾಗುತ್ತದೆ. ಲೋಕವು ಅಂಥದ್ದನ್ನು ಒಪ್ಪದೆಂಬ ಕಾರಣಕ್ಕೆ ಭಾಸ್ಕರನು ಎರಡನೆಯ ಉತ್ತರವನ್ನು ಬಿಟ್ಟನು.

ಮಾತನ್ನು ಸಮೀಕರಣವಾಗಿಸುವುದು

ಅನ್ವಯ ಲೆಕ್ಕಗಳಲ್ಲಿ ವಾಕ್ಯರೂಪದ ಮಾಹಿತಿಯನ್ನು ಸಮೀಕರಣಕ್ಕೆ ತರುವುದು ಅತ್ಯಂತ ಮುಖ್ಯವೂ ಕಠಿಣವೂ ಆದ ಹಂತ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮಾರುಕಟ್ಟೆಯು ಒಣಮೆಣಸಿನಕಾಯಿಗೆ ಹೆಸರಾಗಿದ್ದು, ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿ ಮತ್ತು ಕಡ್ಡಿ ಎಂಬ ಎರಡು ಬಗೆಗಳಿವೆ. ಅದನ್ನು ಆಧರಿಸಿದ ಒಂದು ಕಾಲ್ಪನಿಕ ಲೆಕ್ಕ ಹೀಗಿದೆ:

ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯ ರೈತರೊಬ್ಬರು ಎರಡೂ ಬಗೆ ಸೇರಿ 10 ಕ್ವಿಂಟಲ್ ಮೆಣಸಿನಕಾಯಿ ಮಾರಿದರು. ಡಬ್ಬಿಗೆ ಕ್ವಿಂಟಲಿಗೆ 30,000 ರೂಪಾಯಿ, ಕಡ್ಡಿಗೆ 25,000 ರೂಪಾಯಿ ಸಿಕ್ಕಿತು. ಒಟ್ಟು 2,70,000 ರೂಪಾಯಿ ಬಂದಿದ್ದರೆ ಪ್ರತಿಯೊಂದು ಬಗೆಯೂ ಎಷ್ಟೆಷ್ಟಿತ್ತು?

1. ಡಬ್ಬಿಯ ತೂಕ ಯ ಕ್ವಿಂಟಲ್, ಕಡ್ಡಿಯ ತೂಕ ರ ಕ್ವಿಂಟಲ್ ಆಗಿರಲಿ.
2. ತೂಕದ ಸಮೀಕರಣ: ಯ + ರ = 10.
3. ಹಣದ ಸಮೀಕರಣ: 30,000ಯ + 25,000ರ = 2,70,000. ಇದನ್ನು 5,000ದಿಂದ ಭಾಗಿಸಿದರೆ 6ಯ + 5ರ = 54.
4. ಮೊದಲನೆಯದನ್ನು 5ರಿಂದ ಗುಣಿಸಿದರೆ 5ಯ + 5ರ = 50. ಇದನ್ನು ಕಳೆದರೆ ಯ = 4; ಆದ್ದರಿಂದ ರ = 6.
5. ತಾಳೆ: 4 × 30,000 + 6 × 25,000 = 1,20,000 + 1,50,000 = 2,70,000.

ಇಲ್ಲಿ ಯ ಎಂಬುದು ಡಬ್ಬಿ ಮೆಣಸಿನಕಾಯಿಯ ಹೆಸರಲ್ಲ, ಅದರ ತೂಕವನ್ನು ತಿಳಿಸುವ ಸಂಖ್ಯೆ. ಈ ವ್ಯತ್ಯಾಸ ಮರೆತಾಗ ಸಮೀಕರಣವೇ ತಲೆಕೆಳಗಾಗುತ್ತದೆ. ಅಮೆರಿಕದಲ್ಲಿ ಜಾನ್ ಕ್ಲೆಮೆಂಟ್ ಮತ್ತು ಸಹೋದ್ಯೋಗಿಗಳು 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರತಿ ಪ್ರಾಧ್ಯಾಪಕರಿಗೆ ಆರು ವಿದ್ಯಾರ್ಥಿಗಳಿದ್ದಾರೆಂಬ ಮಾತನ್ನು ಸಮೀಕರಣವಾಗಿ ಬರೆಯಲು ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನವರು ತಪ್ಪಿದರು. ವಿದ್ಯಾರ್ಥಿಗಳ ಸಂಖ್ಯೆ ವ, ಪ್ರಾಧ್ಯಾಪಕರ ಸಂಖ್ಯೆ ಪ ಆದರೆ ಸರಿಯಾದದ್ದು ವ = 6ಪ; ಆದರೆ ಮಾತಿನ ಅನುಕ್ರಮವನ್ನೇ ಅನುಸರಿಸಿ 6ವ = ಪ ಎಂದು ಬರೆಯುವುದು ಸಾಮಾನ್ಯ ತಪ್ಪು.

ಬರವಣಿಗೆಯ ಶಿಸ್ತು

ಉತ್ತರದಷ್ಟೇ ಹಂತಗಳಿಗೂ ಮಹತ್ವವಿದೆ. ಚರಾಕ್ಷರ ಏನನ್ನು ಸೂಚಿಸುತ್ತದೆಂದು ಮೊದಲು ಹೇಳುವುದು, ಸಾಲಿಗೊಂದು ಹಂತ ಬರೆಯುವುದು, ಸಮಚಿಹ್ನೆಯನ್ನು ಎರಡು ಸಮಾನ ರಾಶಿಗಳ ನಡುವೆ ಮಾತ್ರ ಬಳಸುವುದು, ಮಾನವನ್ನು ನಮೂದಿಸುವುದು, ಕೊನೆಗೆ ಉತ್ತರವನ್ನು ಮೂಲ ಪ್ರಶ್ನೆಯಲ್ಲಿ ಇಟ್ಟು ತಾಳೆ ನೋಡುವುದು ಅಪೇಕ್ಷಣೀಯ. ಹಂತಗಳಿಗೂ ಅಂಕ ಹಂಚಿಕೆಯಾಗುವುದರಿಂದ ಪರೀಕ್ಷೆಯಲ್ಲಿಯೂ ಇದು ಪ್ರಯೋಜನಕರ.

ಸಾಮಾನ್ಯ ತಪ್ಪುಗಳು

• (ಅ + ಬ)² ಎಂಬುದನ್ನು ಅ² + ಬ² ಎಂದು ಬರೆಯುವುದು. ಸರಿಯಾದದ್ದು ಅ² + 2ಅಬ + ಬ². ಅ = 3, ಬ = 4 ಎಂದಿಟ್ಟು ನೋಡಿದರೆ 49 ಬರಬೇಕಾದಲ್ಲಿ 25 ಬರುವುದು ಕಾಣುತ್ತದೆ.
• (ಯ + 3)/3 ಎಂಬಲ್ಲಿ 3ನ್ನು 3ರಿಂದ ಹೊಡೆದುಹಾಕಿ ಯ ಎಂದು ಬರೆಯುವುದು. ಅಂಶ, ಛೇದಗಳ ಸಾಮಾನ್ಯ ಅಪವರ್ತನವನ್ನು ಮಾತ್ರ ಹೊಡೆದುಹಾಕಬಹುದು, ಕೂಡಿರುವ ಪದವನ್ನಲ್ಲ.
• ಯ² = 5ಯ ಎಂಬುದನ್ನು ಯದಿಂದ ಭಾಗಿಸಿ ಯ = 5 ಎಂದಷ್ಟೇ ಹೇಳುವುದು. ಹೀಗೆ ಮಾಡಿದರೆ ಯ = 0 ಎಂಬ ಮೂಲ ತಪ್ಪಿಹೋಗುತ್ತದೆ.
• ಅಸಮತೆಯನ್ನು ಋಣಸಂಖ್ಯೆಯಿಂದ ಭಾಗಿಸಿದಾಗ ಚಿಹ್ನೆಯ ದಿಕ್ಕನ್ನು ಬದಲಿಸದಿರುವುದು. −2ಯ < 6 ಆಗಿದ್ದರೆ ಯ > −3.

ಇವುಗಳಲ್ಲಿ ಹೆಚ್ಚಿನವನ್ನು ಅಕ್ಷರದ ಜಾಗದಲ್ಲಿ ಚಿಕ್ಕ ಸಂಖ್ಯೆಯೊಂದನ್ನು ಇಟ್ಟು ನೋಡಿ ವಿದ್ಯಾರ್ಥಿಯೇ ಪತ್ತೆಹಚ್ಚಬಹುದು.

ಮಾಧ್ಯಮ ಬದಲಾವಣೆ ಮತ್ತು ಪರಿಭಾಷೆ

ಗ್ರಾಮೀಣ ಕರ್ನಾಟಕದ ಅನೇಕ ವಿದ್ಯಾರ್ಥಿಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದುತ್ತಾರೆ. ಪದವಿಪೂರ್ವ ವಿಜ್ಞಾನ ವಿಭಾಗದ ಬೋಧನೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಇದರಿಂದ, ವಿಷಯ ಚೆನ್ನಾಗಿ ತಿಳಿದಿದ್ದರೂ ಹೆಸರು ಗುರುತಿಸಲಾಗದೆ ವಿದ್ಯಾರ್ಥಿ ಹಿಂದೆ ಬೀಳುವ ಸಾಧ್ಯತೆಯಿದೆ. ಗಣಿತದ ಚಿಹ್ನೆಗಳು ಎರಡೂ ಮಾಧ್ಯಮಗಳಲ್ಲಿ ಒಂದೇ ಆಗಿರುವುದರಿಂದ ಬದಲಾಗುವುದು ಪದಗಳು ಮಾತ್ರ. ಹೆಚ್ಚಾಗಿ ಬಳಕೆಯಾಗುವ ಕೆಲವು ಪದಗಳು ಮತ್ತು ಅವುಗಳ ಇಂಗ್ಲಿಷ್ ಹೆಸರುಗಳು:

• ಚರಾಕ್ಷರ – ವೇರಿಯಬಲ್
• ಸ್ಥಿರಾಂಕ – ಕಾನ್‌ಸ್ಟಂಟ್
• ಸಹಗುಣಕ – ಕೋಎಫಿಶಿಯೆಂಟ್
• ಬಹುಪದೋಕ್ತಿ – ಪಾಲಿನಾಮಿಯಲ್
• ಅಪವರ್ತನ – ಫ್ಯಾಕ್ಟರ್
• ಸಮೀಕರಣ – ಈಕ್ವೇಶನ್
• ವರ್ಗಸಮೀಕರಣ – ಕ್ವಾಡ್ರಾಟಿಕ್ ಈಕ್ವೇಶನ್
• ಶೋಧಕ – ಡಿಸ್ಕ್ರಿಮಿನೆಂಟ್
• ಅಸಮತೆ – ಇನ್‌ಈಕ್ವಾಲಿಟಿ
• ಸಮಾಂತರ ಶ್ರೇಢಿ – ಅರಿತ್‌ಮೆಟಿಕ್ ಪ್ರೋಗ್ರೆಶನ್
• ಗಣ – ಸೆಟ್
• ಉತ್ಪನ್ನ – ಫಂಕ್ಷನ್

ಕನ್ನಡದಲ್ಲಿ ಕಲಿತ ಅರ್ಥವು ಹೊಸ ಪದಕ್ಕೂ ಆಧಾರವಾಗುತ್ತದೆ. ಚರಾಕ್ಷರವೆಂದರೆ ಚಲಿಸುವ, ಅಂದರೆ ಬೆಲೆ ಬದಲಾಗಬಲ್ಲ ಅಕ್ಷರ; ಶೋಧಕವು ಮೂಲಗಳ ಸ್ವರೂಪವನ್ನು ಶೋಧಿಸಿ ತಿಳಿಸುವಂಥದು.

ಇತರೆಡೆಗಳಲ್ಲಿ

ಅಮೆರಿಕದ ಸಮುದಾಯ ಕಾಲೇಜುಗಳಲ್ಲಿ ಶಾಲೆಯ ಬೀಜಗಣಿತದಲ್ಲಿ ಹಿಂದುಳಿದವರಿಗಾಗಿ ಇದೇ ಹೆಸರಿನ ಪ್ರತ್ಯೇಕ ಪೂರಕ ಕೋರ್ಸ್ ರೂಢಿಯಲ್ಲಿತ್ತು. ಇಂತಹ ಕೋರ್ಸ್‌ಗಳಲ್ಲಿ ಸಿಲುಕಿದವರು ಪದವಿಯವರೆಗೆ ತಲುಪುವುದು ತಡವಾಗುತ್ತದೆಂಬ ಆಕ್ಷೇಪದಿಂದ ಕ್ಯಾಲಿಫೋರ್ನಿಯಾ ರಾಜ್ಯವು 2017ರ ಕಾನೂನಿನ ಮೂಲಕ ಅವುಗಳನ್ನು ಕಡ್ಡಾಯಗೊಳಿಸುವುದಕ್ಕೆ ಮಿತಿ ಹಾಕಿತು. ಕರ್ನಾಟಕದ ಪದವಿಪೂರ್ವ ವ್ಯವಸ್ಥೆಯಲ್ಲಿ ಇದು ಪ್ರತ್ಯೇಕ ವಿಷಯವಲ್ಲ. ಕೊರತೆಯಿದ್ದವರು ಪ್ರಥಮ ಪಿಯುಸಿಯ ಪಾಠಗಳ ಜೊತೆಜೊತೆಗೆ ಅದನ್ನು ತುಂಬಿಕೊಳ್ಳಬೇಕಾಗುತ್ತದೆ. ಹತ್ತನೆಯ ತರಗತಿಯ ಪರೀಕ್ಷೆ ಮತ್ತು ಕಾಲೇಜಿನ ಆರಂಭದ ನಡುವಿನ ರಜೆ ಇದಕ್ಕೆ ಅನುಕೂಲವಾದ ಅವಧಿ.

ಮುಂದಿನ ಅಧ್ಯಯನದೊಂದಿಗೆ ಸಂಬಂಧ

ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂಬ ಮಹಾವೀರಾಚಾರ್ಯನ ಮಾತು ವಾಸ್ತವ ಸಂಖ್ಯೆಗಳ ಮಟ್ಟಿಗೆ ಇಂದಿಗೂ ಸರಿ. ಹತ್ತನೆಯ ತರಗತಿಯಲ್ಲಿ ಶೋಧಕವು ಋಣವಾದರೆ ವಾಸ್ತವ ಮೂಲಗಳಿಲ್ಲವೆಂದು ಬರೆದು ಲೆಕ್ಕವನ್ನು ನಿಲ್ಲಿಸಲಾಗುತ್ತದೆ. ಪ್ರಥಮ ಪಿಯುಸಿಯಲ್ಲಿ ಸಮ್ಮಿಶ್ರ ಸಂಖ್ಯೆಗಳ ಮೂಲಕ ಅಂತಹ ಸಮೀಕರಣಗಳಿಗೂ ಮೂಲಗಳು ದೊರೆಯುತ್ತವೆ. ಹಾಗೆಯೇ (ಅ + ಬ)² ಎಂಬುದರ ವಿಸ್ತರಣೆಯು ದ್ವಿಪದ ಪ್ರಮೇಯವಾಗಿ ಯಾವುದೇ ಧನ ಪೂರ್ಣಾಂಕ ಘಾತಕ್ಕೂ ವಿಸ್ತರಿಸುತ್ತದೆ; ಎರಡು ಚರಾಕ್ಷರಗಳ ಸಮೀಕರಣಗಳು ದ್ವಿತೀಯ ಪಿಯುಸಿಯಲ್ಲಿ ಮಾತೃಕೆ ಮತ್ತು ನಿರ್ಧಾರಕಗಳ ಅಧ್ಯಯನಕ್ಕೆ ದಾರಿಯಾಗುತ್ತವೆ.

ಇವನ್ನೂ ನೋಡಿ

• ಬೀಜಗಣಿತ
• ವರ್ಗಸಮೀಕರಣ
• ಮಹಾವೀರಾಚಾರ್ಯ
• ಎರಡನೆಯ ಭಾಸ್ಕರ
• ರಾಜಾದಿತ್ಯ
• ಕದರಮಂಡಲಗಿ