ಮನೆ ತುಂಬಿಸಿಕೊಂಡ ಮೇಲೆ

ಮದುವೆಯಾಗಿ ಬಂದ ಹೆಣ್ಣು ಹೊಸಿಲ ಮೇಲಿಟ್ಟ ಅಕ್ಕಿಯ ಸೇರನ್ನು ಬಲಗಾಲಿನಿಂದ ಒದ್ದು ಒಳಗೆ ಬರುತ್ತಾಳೆ. ಮನೆ ತುಂಬಿಸಿಕೊಳ್ಳುವ ಈ ಶಾಸ್ತ್ರ ಮುಗಿದ ದಿನದಿಂದ ಒಲೆ, ಕಣಜ, ದೇವರ ಗೂಡು ಎಲ್ಲದರ ಹೊಣೆ ಅವಳದು. ಆದರೆ ಶತಮಾನಗಳ ಕಾಲ ಆ ಮನೆಯ ಒಂದು ಇಟ್ಟಿಗೆಯೂ ಅವಳ ಹೆಸರಿನಲ್ಲಿರಲಿಲ್ಲ. ಹುಟ್ಟಿದ ಮನೆಗೆ ತಿರುಗಿ ನೋಡಿದರೆ ಅಲ್ಲಿಯೂ ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆ ಕಾವಲು ನಿಂತಿತ್ತು.

ಬೆಂಗಳೂರಿನ ಪೂರ್ವ ಭಾಗದ ದೊಡ್ಡನೆಕ್ಕುಂದಿ ಇಂದು ಹೊರವರ್ತುಲ ರಸ್ತೆಗೆ ತಾಗಿದ ಅಪಾರ್ಟ್‌ಮೆಂಟುಗಳ ಊರು. ಕೃಷ್ಣರಾಜಪುರ ಕಡೆಯ ಬೇರೆ ಹಳ್ಳಿಗಳಂತೆ ಇದೂ ಕೆರೆಯನ್ನು, ಹೊಲಗಳನ್ನು ನೆಚ್ಚಿಕೊಂಡಿದ್ದ ಊರು. ಈ ಸೀಮೆಯ ಹಳೆಯ ಅನುಕೂಲಸ್ಥರ ಮನೆಗಳ ವಿನ್ಯಾಸ ನೋಡಿದರೆ ಮದುವೆಯ ಕರಾರು ಗೋಡೆಗಳಲ್ಲೇ ಕಾಣುತ್ತದೆ. ಬೀದಿಗೆ ಮುಖ ಮಾಡಿದ ಜಗಲಿ ಗಂಡಸರದು. ಪಂಚಾಯಿತಿ, ವ್ಯಾಪಾರ, ಬಂದ ನೆಂಟರ ಮಾತು ಎಲ್ಲ ಅಲ್ಲೇ. ಆಮೇಲೆ ಪಡಸಾಲೆ, ತೊಟ್ಟಿ, ನಡುಮನೆ. ಒಳಗೆ ಹೋದಂತೆಲ್ಲ ಬೆಳಕು ಕಡಿಮೆ, ಹೊಗೆ ಹೆಚ್ಚು. ಕೊನೆಗೆ ಅಡುಗೆಮನೆ, ಅದರಾಚೆ ಹಿತ್ತಿಲು. ನೀರು, ಸೌದೆ, ಸಗಣಿ ಹೊತ್ತು ಹೆಂಗಸರು ಓಡಾಡುತ್ತಿದ್ದುದು ಹಿತ್ತಿಲ ಬಾಗಿಲಿನಿಂದ. ಜಗಲಿಯಲ್ಲಿ ನಡೆದ ಜಮೀನಿನ ಮಾತು ಅವರಿಗೆ ತಲುಪುವ ಹೊತ್ತಿಗೆ ವೀಳ್ಯ ಬದಲಾಗಿರುತ್ತಿತ್ತು.

ಅಣ್ಣತಮ್ಮಂದಿರು ಪಾಲಾದಾಗ ಮೊದಲು ಬೇರೆಯಾಗುವುದು ಒಲೆ. ನಡುಮನೆಗೆ ಅಡ್ಡಗೋಡೆ ಎದ್ದು, ತೊಟ್ಟಿಯ ಒಂದು ಮಗ್ಗುಲಿಗೆ ಹೊಸ ಒಲೆ ಹೂಡುತ್ತಾರೆ. ಆ ಒಲೆಯ ಮುಂದೆ ಕೂರುವವಳು ಸೊಸೆ, ಪಾಲುಪತ್ರಕ್ಕೆ ರುಜು ಹಾಕುವವನು ಅವಳ ಗಂಡ. ಜಗಳಕ್ಕೆ ಕಾರಣ ಹೆಂಗಸರೇ ಎಂಬ ಮಾತನ್ನಂತೂ ಊರು ಧಾರಾಳವಾಗಿ ಆಡುತ್ತಿತ್ತು.

ಮುಟ್ಟಾದಾಗ, ಹೆತ್ತಾಗ ಈ ಒಳಗೋಡೆಗಳೂ ಅವಳಿಗೆ ಸಿಗುತ್ತಿರಲಿಲ್ಲ. ಎಷ್ಟೋ ಮನೆಗಳಲ್ಲಿ ಅವಳ ಜಾಗ ಹಿತ್ತಿಲ ಮೂಲೆ ಅಥವಾ ಕೊಟ್ಟಿಗೆಯ ಪಕ್ಕ. ತುಮಕೂರು, ಚಿತ್ರದುರ್ಗ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಊರ ಹೊರಗಿನ ಗುಡಿಸಲೇ ಗತಿಯಾಗಿತ್ತು. ಮಳೆಯಲ್ಲಿ, ಚಳಿಯಲ್ಲಿ ಅಲ್ಲಿ ಮಲಗುವ ಬಾಣಂತಿಯರ, ಹಸುಗೂಸುಗಳ ಪಾಡು ನೋಡಿ ಸರ್ಕಾರ ಅಂಥ ಹಟ್ಟಿಗಳಲ್ಲಿ ‘ಕೃಷ್ಣ ಕುಟೀರ’ ಎಂಬ ಪಕ್ಕಾ ಕಟ್ಟಡಗಳನ್ನು ಕಟ್ಟಿಸಿತು. ಒದ್ದೆ ನೆಲದಲ್ಲಿ ಮಗುವನ್ನು ಮಲಗಿಸಿಕೊಂಡಿದ್ದ ತಾಯಿಗೆ ಸೂರು ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಹಾಗೆಂದು, ಹೆಣ್ಣನ್ನು ಹೊರಗಿಡುವ ಪದ್ಧತಿಗೆ ಸರ್ಕಾರಿ ಹಣದಲ್ಲಿ ಸಿಮೆಂಟಿನ ಗೋಡೆ ಎದ್ದದ್ದನ್ನೂ ಮರೆಯಲಾಗದು. ಆ ಹಣವನ್ನು ಹುಡುಗಿಯರ ಓದಿಗೆ, ಹಟ್ಟಿಯೊಳಗಿನ ಆರೋಗ್ಯ ಕೇಂದ್ರಕ್ಕೆ ಸುರಿಯಬೇಕಿತ್ತು.

ಗೋಡೆಯೇ ಹೆಣ್ಣಿನ ಜೀವ ಉಳಿಸಿದ ಕಟ್ಟಡವೂ ಬೆಂಗಳೂರಿನ ಈ ಪೂರ್ವ ಭಾಗದಲ್ಲೇ ಇದೆ. ಶಿವಾಜಿನಗರದ ಗೋಷಾ ಆಸ್ಪತ್ರೆಯನ್ನು ದಂಡಿನ ಪ್ರದೇಶದ ದೊಡ್ಡ ವರ್ತಕ ಹಾಜಿ ಸರ್ ಇಸ್ಮಾಯಿಲ್ ಸೇಠ್ 1920ರ ದಶಕದಲ್ಲಿ ಕಟ್ಟಿಸಿಕೊಟ್ಟರು. ಗಂಡು ವೈದ್ಯರ ಮುಂದೆ ಬರಲೊಲ್ಲದ, ಬರಲು ಮನೆಯವರು ಬಿಡದ ಪರದೆಯ ಹೆಂಗಸರಿಗಾಗಿ ಕಟ್ಟಿದ ಆಸ್ಪತ್ರೆ ಅದು. ಪರದೆಯನ್ನು ಪ್ರಶ್ನಿಸುವ ಗೋಜಿಗೆ ಅದು ಹೋಗಲಿಲ್ಲ. ಪರದೆಯೊಳಗೇ ಸುರಕ್ಷಿತ ಹೆರಿಗೆಗೆ ಜಾಗ ಮಾಡಿತು. ಮನೆಯ ಕತ್ತಲ ಕೋಣೆಯಲ್ಲಿ ಹೆತ್ತು ಸಾಯುತ್ತಿದ್ದ ಕಾಲದಲ್ಲಿ ಹೆಣ್ಣೊಬ್ಬಳು ಹೊಸಿಲು ದಾಟಿ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗುವಂತಾದದ್ದೇ ದೊಡ್ಡ ಗೆಲುವು. ಈಗ ಅದು ಸರ್ಕಾರಿ ಹೆರಿಗೆ ಆಸ್ಪತ್ರೆ. ಎಲ್ಲ ಜಾತಿಮತದ ಬಡ ಹೆಂಗಸರೂ ಅಲ್ಲಿಗೆ ಬರುತ್ತಾರೆ.

ಮನೆಯಲ್ಲಿ ಪಾಲು ಸಿಗುವುದು ಇದಕ್ಕಿಂತ ಕಷ್ಟದ ಕೆಲಸವಾಗಿತ್ತು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ತಂದು, ಮನೆ ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಮಗಳಿಗೆ ಭಾಗ ಕೊಟ್ಟಿತು. ಬ್ರಿಟಿಷ್ ಭಾರತ ಅಷ್ಟು ದೂರ ಯೋಚಿಸಿರಲಿಲ್ಲ. ದೊಡ್ಡನೆಕ್ಕುಂದಿ ಮೈಸೂರು ಸಂಸ್ಥಾನದ ಹಳ್ಳಿ. ಕೆಲವೇ ಮೈಲಿ ದೂರದ ಹಲಸೂರು, ಶಿವಾಜಿನಗರ 1947ರ ತನಕ ಬ್ರಿಟಿಷರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್. ಹಳ್ಳಿಯ ಮಗಳಿಗೆ ಕಾಗದದ ಮೇಲೆ ಇದ್ದ ಹಕ್ಕು ದಂಡಿನ ಮಗಳಿಗಿರಲಿಲ್ಲ. ಆದರೆ ಮೈಸೂರಿನ ಕಾಯ್ದೆಯೂ ಕೊರಳಿಗೆ ತಾಳಿ ಬಿದ್ದ ಮಗಳನ್ನು ಹೊರಗೇ ಬಿಟ್ಟಿತ್ತು.

ಸ್ವಾತಂತ್ರ್ಯದ ನಂತರವೂ ಮನೆಯ ಬಾಗಿಲು ಪೂರ್ತಿ ತೆರೆಯಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 23ನೇ ಕಲಮು ವಾಸದ ಮನೆಯನ್ನು ಬೇರೆಯಾಗಿಯೇ ಕಂಡಿತು. ಕುಟುಂಬದವರು ವಾಸವಿರುವ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಭಾಗವಿದ್ದರೂ, ಗಂಡುಮಕ್ಕಳು ಹಂಚಿಕೊಳ್ಳಲು ಮನಸ್ಸು ಮಾಡುವ ತನಕ ಅವರು ವಿಭಾಗ ಕೇಳುವಂತಿರಲಿಲ್ಲ. ಮಗಳು ಅಲ್ಲಿ ವಾಸಿಸಬೇಕೆಂದರೆ ಮದುವೆಯಾಗಿರಬಾರದು, ಇಲ್ಲವೇ ವಿಧವೆಯಾಗಿರಬೇಕು, ಗಂಡ ಬಿಟ್ಟವಳಾಗಿರಬೇಕು ಅಥವಾ ಗಂಡನಿಂದ ದೂರವಾಗಿರಬೇಕು. ತವರಿನ ಒಂದು ಕೋಣೆಗಾಗಿ ಮದುವೆಯಾದ ಹೆಣ್ಣಿನ ಸಂಸಾರ ಮುರಿದಿರಬೇಕು ಎಂಬ ಷರತ್ತನ್ನು ಸಂಸತ್ತೇ ಬರೆದಿತ್ತು! ಗಂಡು ವಾರಸುದಾರ ಒಬ್ಬನೇ ಇದ್ದರೂ ಈ ಕಲಮು ಅನ್ವಯಿಸುತ್ತದೆ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಬ್ಬನೇ ಮಗ ಯಾರೊಂದಿಗೆ ಹಂಚಿಕೊಳ್ಳಲು ಮುಂದಾಗಬೇಕಿತ್ತು?

ಆಂಧ್ರ 1986ರಲ್ಲಿ ತೋರಿದ ದಾರಿಯಲ್ಲಿ ನಡೆದ ಕರ್ನಾಟಕ, 30 ಜುಲೈ 1994ರಿಂದ ಹೆಣ್ಣುಮಕ್ಕಳನ್ನೂ ಪಿತ್ರಾರ್ಜಿತದ ಸಮಪಾಲುದಾರರನ್ನಾಗಿ ಮಾಡಿತು. ಅದಕ್ಕೂ ಮೊದಲು ಮದುವೆಯಾದವರನ್ನು ಮಾತ್ರ ಬಿಟ್ಟುಬಿಟ್ಟಿತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕನಿಗೆ ಇಲ್ಲ, ತಂಗಿಗೆ ಉಂಟು. 9 ಸೆಪ್ಟೆಂಬರ್ 2005ರ ಕೇಂದ್ರದ ತಿದ್ದುಪಡಿ ಈ ಭೇದವನ್ನೂ 23ನೇ ಕಲಮನ್ನೂ ಕಿತ್ತುಹಾಕಿತು. ಗಂಡನ ಮನೆಯ ವಿಷಯದಲ್ಲಿ, 2006ರಲ್ಲಿ ಜಾರಿಯಾದ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೆಂಡತಿಗೆ ವಾಸದ ಹಕ್ಕು ಕೊಟ್ಟಿತು. ಮನೆ ಅತ್ತೆಮಾವನ ಹೆಸರಿನಲ್ಲಿದ್ದರೂ ಆ ಹಕ್ಕು ಸಿಗಬಹುದು ಎಂದು ಇತ್ಯರ್ಥವಾಗಲು 2020ರ ತನಕ ಕಾಯಬೇಕಾಯಿತು.

ಈ ದಿನಾಂಕಗಳು ದೊಡ್ಡನೆಕ್ಕುಂದಿಯಂಥ ಊರಿಗೆ ಬಲು ಮುಖ್ಯ. 1940ರಲ್ಲಿ ಪಕ್ಕದಲ್ಲೇ ವಿಮಾನ ಕಾರ್ಖಾನೆ ಬಂತು. ಆಮೇಲೆ ವರ್ತುಲ ರಸ್ತೆ, 1990ರ ದಶಕದಲ್ಲಿ ವೈಟ್‌ಫೀಲ್ಡ್ ಕಡೆಯ ಟೆಕ್ ಪಾರ್ಕು. ರಾಗಿ ಹೊಲ ಚದರಡಿ ಲೆಕ್ಕದಲ್ಲಿ ಮಾರಾಟವಾಗತೊಡಗಿತು. ಬೆಂಗಳೂರಿನ ಸುತ್ತಲ ಹಳ್ಳಿಗಳಲ್ಲಿ ಹೆಣ್ಣುಮಕ್ಕಳನ್ನು ತವರಿಗೆ ಕರೆಸಿ, ಸೀರೆ ಉಡಿಸಿ, ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು, ಹಕ್ಕು ಖುಲಾಸೆ ಪತ್ರಕ್ಕೆ ರುಜು ಹಾಕಿಸಿಕೊಳ್ಳುವುದು ರೂಢಿಯಾಯಿತು. ಅಣ್ಣನ ಮನೆಯ ಬಾಗಿಲು ಮುಚ್ಚಿಹೋದೀತು ಎಂಬ ಅಂಜಿಕೆಗೆ ಎಷ್ಟೋ ಮಂದಿ ಕೇಳಿದ ಕಡೆ ರುಜು ಹಾಕಿದರು. ಇಂಥ ಹೊಲಗಳಲ್ಲಿ ಎದ್ದ ಕಟ್ಟಡಗಳಲ್ಲಿ ಈಗ ಲೇಡೀಸ್ ಪಿಜಿಗಳೂ ಇವೆ. ದುಡಿಯುವ ಹುಡುಗಿಯರು ಬಾಡಿಗೆ ಕಟ್ಟಿ ಅಲ್ಲಿ ಇರುತ್ತಾರೆ, ರಾತ್ರಿ ಇಂತಿಷ್ಟು ಗಂಟೆಯೊಳಗೆ ಗೇಟು ಸೇರಬೇಕೆಂಬ ನಿಯಮಕ್ಕೂ ಒಳಪಡುತ್ತಾರೆ.

ತಂದೆ ಬದುಕಿರಲಿ ಇಲ್ಲದಿರಲಿ, ಮಗಳಿಗೆ ಹುಟ್ಟಿನಿಂದಲೇ ಹಕ್ಕು ಎಂದು ಸುಪ್ರೀಂ ಕೋರ್ಟ್ 11 ಆಗಸ್ಟ್ 2020ರಂದು ತೀರ್ಪು ಕೊಟ್ಟಿತು. ಆದರೆ 20 ಡಿಸೆಂಬರ್ 2004ಕ್ಕೆ ಮುಂಚೆ ಆಗಿಹೋದ ಮಾರಾಟ, ವಿಭಾಗಗಳನ್ನು 2005ರ ತಿದ್ದುಪಡಿ ಮುಟ್ಟುವುದಿಲ್ಲ. ಅದಕ್ಕೂ ಮೊದಲೇ ಕೈಬದಲಾದ ಹೊಲಗಳ ವಿಷಯದಲ್ಲಿ ಮನೆಯ ಹೆಣ್ಣುಮಕ್ಕಳಿಗೆ ಈ ಹೊಸ ಹಕ್ಕಿನ ಬಲದಿಂದ ಕೇಳಲು ಏನೂ ಉಳಿದಿಲ್ಲ.