ಹಳೆ ಗಾಡಿ ಮಾರಿದಾಗ: ತೆರಿಗೆ ಲೆಕ್ಕ ಬೆಳೆದು ಬಂದ ದಾರಿ

2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಜಿಎಸ್‌ಟಿ ಮಂಡಳಿಯ ಸಭೆ ಮುಗಿದದ್ದೇ ತಡ, ಹಳೆ ಕಾರನ್ನು ನಷ್ಟಕ್ಕೆ ಮಾರಿದರೂ ಶೇ 18 ತೆರಿಗೆ ಕಟ್ಟಬೇಕೆಂಬ ಮಾತು ಎಲ್ಲೆಡೆ ಹಬ್ಬಿತು. ಅದು ಶುದ್ಧ ತಪ್ಪು ತಿಳಿವಳಿಕೆ. ಮನೆಯ ಕಾರು ಮಾರುವವರಿಗೆ ಆ ತೆರಿಗೆಯೇ ಇಲ್ಲ. ಆದರೆ ಆ ಗದ್ದಲದಲ್ಲಿ, ದುಡಿಮೆಯ ಗಾಡಿ ಮಾರುವವನ ನಿಜವಾದ ತೊಂದರೆ ಯಾರ ಕಣ್ಣಿಗೂ ಬೀಳಲಿಲ್ಲ.

ಆ ತೊಂದರೆಯ ಬೇರು ಇರುವುದು ಆದಾಯ ತೆರಿಗೆಯಲ್ಲಿ. 1922ರ ಆದಾಯ ತೆರಿಗೆ ಕಾಯ್ದೆಯಲ್ಲೂ 1961ರ ಕಾಯ್ದೆಯ ಮೊದಲ ದಶಕಗಳಲ್ಲೂ ಪ್ರತಿ ವಾಹನಕ್ಕೆ ಪ್ರತ್ಯೇಕ ಲೆಕ್ಕವಿತ್ತು. ಸವಕಳಿ ಕಳೆದು ಉಳಿದ ಮೌಲ್ಯಕ್ಕಿಂತ ಹೆಚ್ಚಿಗೆ ಮಾರಿದರೆ, ಆ ಹಿಂದೆ ಕಳೆದ ಸವಕಳಿಯ ಮಟ್ಟಿಗೆ ವ್ಯಾಪಾರದ ಆದಾಯ. ಕಡಿಮೆಗೆ ಮಾರಿದರೆ ವ್ಯಾಪಾರದ ಖರ್ಚು. 1967ರಿಂದ 1975ರ ನಡುವೆ ಕೊಂಡ ಕಾರಿಗೆ 25,000 ರೂಪಾಯಿಗಿಂತ ಹೆಚ್ಚಿನ ಬೆಲೆಯನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಪ್ರವಾಸಿಗರಿಗೆ ಬಾಡಿಗೆಗೆ ಓಡುವ ಕಾರಿಗೆ ಮಾತ್ರ ವಿನಾಯಿತಿ.

ನಮ್ಮ ತಲೆಮಾರಿನ ಸಲಹೆಗಾರರು ಕೆಲಸ ಕಲಿತದ್ದು ಅದರ ನಂತರದ ಪದ್ಧತಿಯಲ್ಲಿ. ಎಲ್.ಕೆ. ಝಾ ನೇತೃತ್ವದ ಆಯೋಗದ ಸಲಹೆಯಂತೆ 1986ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, 1988–89ರ ಕರನಿರ್ಧಾರಣೆ ವರ್ಷದಿಂದ ‘ಬ್ಲಾಕ್’ ಪದ್ಧತಿ ಬಂತು. ಒಂದೇ ಸವಕಳಿ ದರದ ಗಾಡಿಗಳೆಲ್ಲ ಒಂದೇ ಗುಂಪು. ಮಾರಿದ ಹಣವನ್ನು ಗುಂಪಿನ ಮೊತ್ತದಿಂದ ಕಳೆ, ಕೊಂಡದ್ದನ್ನು ಸೇರಿಸು, ಉಳಿದದ್ದಕ್ಕೆ ಸವಕಳಿ ಹಾಕು. ಇಪ್ಪತ್ತು ಗಾಡಿಗಳಿದ್ದವರ ಪುಸ್ತಕ ಒಂದೇ ಸಾಲಿಗೆ ಇಳಿಯಿತು. ಇಷ್ಟು ಚೊಕ್ಕವಾದ ಸುಧಾರಣೆಯನ್ನು ನಾನು ಆದಾಯ ತೆರಿಗೆಯಲ್ಲಿ ಹೆಚ್ಚು ಕಂಡಿಲ್ಲ. ಎಕ್ಸ್‌ಚೇಂಜ್‌ಗೆ ಕೊಟ್ಟದ್ದೂ ಮಾರಾಟವೇ. ಹಳೆಯದರ ಬೆಲೆ ಮುರಿದುಕೊಂಡು ಕೈಯಿಂದ ಕೊಟ್ಟಷ್ಟನ್ನೇ ಹೊಸ ಗಾಡಿಯ ಬೆಲೆಯೆಂದು ಬರೆದುಕೊಳ್ಳುವ ಅಭ್ಯಾಸ ಬೆಳೆದದ್ದೂ ಇಲ್ಲೇ. ಗುಂಪು ಒಂದೇ ಆದ್ದರಿಂದ ಅದರ ಒಟ್ಟು ಮೊತ್ತ ಕೆಡುತ್ತಿರಲಿಲ್ಲ.

ಜಿಎಸ್‌ಟಿ ಆ ಅಭ್ಯಾಸಕ್ಕೆ ಅವಕಾಶ ಕೊಡಲಿಲ್ಲ. ಅಲ್ಲಿ ಎಕ್ಸ್‌ಚೇಂಜ್ ಎಂದರೆ ಎರಡು ವ್ಯವಹಾರ: ಶೋರೂಂ ಹೊಸ ಗಾಡಿಯ ಪೂರ್ತಿ ಬೆಲೆಗೆ ತೆರಿಗೆ ಹಾಕಬೇಕು, ನೋಂದಾಯಿತ ವ್ಯಾಪಾರಿ ಹಳೆಯದಕ್ಕೆ ತಾನೂ ಬಿಲ್ ಕೊಡಬೇಕು. 2018ರ ಜನವರಿಯ ಅಧಿಸೂಚನೆ ನೆರವಿಗೆ ಬಂತು. ಹೂಡುವಳಿ ತೆರಿಗೆ ಜಮೆ ಪಡೆಯದ ಗಾಡಿಯಾದರೆ, ಸವಕಳಿ ಕಳೆದ ಮೌಲ್ಯಕ್ಕೂ ಮಾರಿದ ಬೆಲೆಗೂ ಇರುವ ವ್ಯತ್ಯಾಸಕ್ಕೆ ಮಾತ್ರ ತೆರಿಗೆ. 4 ಲಕ್ಷಕ್ಕೆ ಇಳಿದಿದ್ದ ಕಾರು 5 ಲಕ್ಷಕ್ಕೆ ಹೋದರೆ 1 ಲಕ್ಷದ ಮೇಲೆ. 3 ಲಕ್ಷಕ್ಕೆ ಹೋದರೆ ಏನೂ ಇಲ್ಲ. ಜೈಸಲ್ಮೇರ್ ತೀರ್ಮಾನ ಮಾಡಿದ್ದು ಇಷ್ಟೇ: ಸಣ್ಣ ಕಾರುಗಳಿಗಿದ್ದ ಶೇ 12 ಶೇ 18 ಆಯಿತು.

ಈ ಇಡೀ ಬೆಳವಣಿಗೆಯಲ್ಲಿ ಒಂದೇ ಲಾರಿಯ ಮಾಲೀಕನನ್ನು ನೆನೆದವರು ಕಡಿಮೆ. 1994ರಲ್ಲಿ ಹತ್ತು ಗಾಡಿಗಳವರೆಗಿನ ಸರಕು ಸಾಗಣೆದಾರರಿಗೆ ಅಂದಾಜು ಆದಾಯದ 44ಎಇ ಕಲಂ ಬಂತು. ಪುಸ್ತಕ ಇಡಬೇಕಿಲ್ಲ, ಈಗಿನ ಲೆಕ್ಕದಲ್ಲಿ ಸಣ್ಣ ಗಾಡಿಗೆ ತಿಂಗಳಿಗೆ 7,500 ರೂಪಾಯಿ, ಭಾರಿ ಗಾಡಿಗೆ ಟನ್ನಿಗೆ 1,000 ರೂಪಾಯಿ ಆದಾಯ ತೋರಿಸಿದರೆ ಸಾಕು. ಆದರೆ ಸವಕಳಿ ಪ್ರತಿ ವರ್ಷ ಸಿಕ್ಕಿದೆ ಎಂದೇ ಕಾನೂನು ಭಾವಿಸುತ್ತದೆ. 20 ಲಕ್ಷದ ಬಾಡಿಗೆ ಲಾರಿ ಶೇ 30ರಂತೆ ಐದು ವರ್ಷಕ್ಕೆ ಸುಮಾರು 3.36 ಲಕ್ಷಕ್ಕೆ ಇಳಿಯುತ್ತದೆ. 8 ಲಕ್ಷಕ್ಕೆ ಮಾರಿದರೆ 4.64 ಲಕ್ಷ ಅಲ್ಪಾವಧಿ ಬಂಡವಾಳ ಲಾಭ. ಮಾರ್ಚ್ 31ರೊಳಗೆ ಬೇರೆ ಲಾರಿ ಕೊಂಡರೆ ಆ ಲಾಭ ಗುಂಪಿನಲ್ಲಿ ಕರಗುತ್ತದೆ. ಸಾಲ ಮಂಜೂರಾಗುವುದು ಏಪ್ರಿಲ್‌ಗೆ ಹೋದರೆ ತೆರಿಗೆ ಕಟ್ಟಲೇಬೇಕು.

ನಷ್ಟವಾದಾಗಲಂತೂ ಇನ್ನೂ ಕಷ್ಟ. ಎರಡನೇ ವರ್ಷವೇ ಅಪಘಾತವಾಗಿ ಗಾಡಿ ಗುಜರಿ ಬೆಲೆಗೆ ಹೋಯಿತೆನ್ನಿ. ಹತ್ತಾರು ಗಾಡಿಗಳಿದ್ದವರಿಗೆ ಆ ನಷ್ಟ ಗುಂಪಿನಲ್ಲೇ ಉಳಿದು ಮುಂದೆ ಸವಕಳಿಯಾಗಿ ಸಿಗುತ್ತದೆ. ಒಂದೇ ಗಾಡಿಯವನಿಗೆ ಗುಂಪೇ ಮುಗಿದುಹೋಗಿ ಅದು ಬಂಡವಾಳ ನಷ್ಟವಾಗುತ್ತದೆ. ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ದುಡಿಮೆಯ ಆದಾಯದಲ್ಲಿ ಕಳೆಯುವಂತಿಲ್ಲ. ಬಂಡವಾಳ ಲಾಭವನ್ನು ಆತ ಎಲ್ಲಿಂದ ತರಬೇಕು? 1988ಕ್ಕೆ ಮೊದಲು ಪುಸ್ತಕ ಇಟ್ಟವನಿಗೆ ಇದೇ ನಷ್ಟ ವ್ಯಾಪಾರದ ಖರ್ಚಾಗಿ ಸಿಗುತ್ತಿತ್ತು. 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ ಆದಾಯ ತೆರಿಗೆ ಕಾಯ್ದೆಯನ್ನೇ ಹೊಸದಾಗಿ ಬರೆದರು. ಭಾಷೆ ಸರಳವಾಯಿತು, ಬ್ಲಾಕ್ ಪದ್ಧತಿ ಹಾಗೇ ಮುಂದುವರಿಯಿತು, ಕೊನೆಯ ಗಾಡಿಯ ನಷ್ಟವೂ ಬಂಡವಾಳ ನಷ್ಟವಾಗಿಯೇ ಉಳಿಯಿತು.